ಒಂದೇ ಒಲೆಯ ಒಕ್ಕಲು

ಮನೆಯೆಂದರೆ ಯಾವುದು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅನಾವಶ್ಯಕವೆಂದು ತೋರಬಹುದು. ತಂದೆತಾಯಿಗಳು, ಮಕ್ಕಳು, ಸೊಸೆಯಂದಿರು, ಮುಪ್ಪಿನ ಹಿರಿಯರು ಒಂದು ಸೂರಿನ ಕೆಳಗೆ ಬಾಳುವುದೇ ಮನೆಯೆಂದು ನಮ್ಮಲ್ಲಿ ಯಾವ ಬಾಲಕನಾದರೂ ಹೇಳಿಯಾನು. ಆದರೆ ತಂದೆತಾಯಿಗಳು ಕಾಲವಾಗಿ, ಅಣ್ಣತಮ್ಮಂದಿರು ಬೇರೆಯಾಗಿ, ಯಾರ ಪಾಲಿಗೂ ಬಾರದೆ ಉಳಿದ ಕಣ್ಣಿಲ್ಲದವನೊಬ್ಬನು, ಕಾಲಿಲ್ಲದವನೊಬ್ಬನು, ಕಿವಿ ಕೇಳದವನೊಬ್ಬನು, ಪರಸ್ಪರ ಯಾವ ರಕ್ತಸಂಬಂಧವೂ ಇಲ್ಲದ ಈ ಮೂವರು, ಒಂದು ಬಾಡಿಗೆಯ ಕೊಠಡಿಯಲ್ಲಿ ಒಂದೇ ಒಲೆಯನ್ನು ಹೊತ್ತಿಸಿಕೊಂಡು ಬಾಳತೊಡಗಿದರೆ ಅದು ಮನೆಯೋ ಅಲ್ಲವೋ? ಇದಕ್ಕೆ ಉತ್ತರ ಹೇಳುವ ಹೊಣೆ ಬಾಲಕನದಲ್ಲ. ತಾಲ್ಲೂಕು ಕಚೇರಿಯದು, ಪಂಚಾಯಿತಿಯದು, ಬಾಡಿಗೆಗೆ ಮನೆ ಕೊಡುವ ಯಜಮಾನನದು, ಕೊನೆಗೆ ಪೌರರಾದ ನಮ್ಮೆಲ್ಲರದು. ಆ ಉತ್ತರವು ಇಂದಿನವರೆಗೆ ಸ್ಪಷ್ಟವಾಗಿ ಬಂದಿಲ್ಲವೆಂಬುದನ್ನು ವಾಚಕ ಮಹಾಶಯರ ಗಮನಕ್ಕೆ ತರಬೇಕೆಂದೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಹೊನ್ನೂರನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಇಂಥ ಮೂವರು ಕೊಳ್ಳೇಗಾಲದ ಕಡೆಯಿಂದಲೋ ಹನೂರಿನ ಕಡೆಯಿಂದಲೋ ಬಂದು ನಮ್ಮ ಊರಿನಲ್ಲಿ ಮನೆ ಕೇಳಿದರೆಂದು ಇಟ್ಟುಕೊಳ್ಳಿರಿ. ಮೊದಲು ಎದುರಾಗುವ ಪ್ರಶ್ನೆ, “ನೀವು ಯಾರ ಪೈಕಿ?” ಎಂಬುದು. ಅದಕ್ಕೆ ಅವರಲ್ಲಿ ಉತ್ತರವಿಲ್ಲ. ಎರಡನೆಯದು, “ನಿಮ್ಮಲ್ಲಿ ಯಜಮಾನರು ಯಾರು?” ಎಂಬುದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, “ಇವರು ನಾಳೆ ಊರಿನ ಮೇಲೆ ಬಿದ್ದರೆ ಏನು ಗತಿ?” ಎಂಬುದೇ ಅದು. ಹೀಗೆ ಕೇಳುವವರು ದುಷ್ಟರೆಂದು ನಾವು ಹೇಳುವುದಿಲ್ಲ. ಒಬ್ಬಂಟಿಯಾದ ಕುರುಡನಿಗೆ ಅನ್ನವನ್ನಿಕ್ಕುವುದರಲ್ಲಿ ನಮ್ಮ ಸೀಮೆಯ ಗೃಹಿಣಿಯರು ಹಿಂದೆಗೆದವರಲ್ಲ; ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಪರಸೆಯವರು ದಾರಿಯಲ್ಲಿ ಕುಳಿತ ಅಂಗವಿಕಲರ ಬಟ್ಟಲಿಗೆ ಕಾಸು ಹಾಕದೆ ಮುಂದೆ ಹೋಗುವುದಿಲ್ಲ. ಆದರೆ ಬಟ್ಟಲಿಗೆ ಕಾಸು ಹಾಕುವ ಕೈಯೇ ಬಾಡಿಗೆಯ ಮನೆಯ ಬೀಗದ ಕೈಯನ್ನು ಕೊಡಲು ಹಿಂಜರಿಯುತ್ತದೆ. ಭಿಕ್ಷುಕನಾಗಿ ಬಂದವನನ್ನು ಸಹಿಸುವ ಊರು ನೆರೆಯವನಾಗಿ ಬಂದವನನ್ನು ಸಹಿಸದಿರುವುದು ಸೋಜಿಗವಲ್ಲವೆ?

ಈ ವಿಷಯದಲ್ಲಿ ನಮ್ಮ ಪೂರ್ವಿಕರಿಗೆ ತಿಳಿವಳಿಕೆಯಿರಲಿಲ್ಲವೆಂದು ಭಾವಿಸಬೇಕಾದುದಿಲ್ಲ. ಪಾಠಶಾಲೆಯ ಮೆಟ್ಟಿಲನ್ನು ಹತ್ತಿದವರೆಲ್ಲರೂ ಪಂಗ್ವಂಧನ್ಯಾಯವನ್ನು ಕೇಳಿಯೇ ಇದ್ದಾರೆ. ಸಾಂಖ್ಯಶಾಸ್ತ್ರಕಾರರು ಪ್ರಕೃತಿಪುರುಷರ ಸಂಯೋಗವನ್ನು ವಿವರಿಸುವುದಕ್ಕೆ ಕುಂಟನ ಮತ್ತು ಕುರುಡನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅಡವಿಯಲ್ಲಿ ಹೋಗುತ್ತಿದ್ದ ಸಾರ್ಥದ ಮೇಲೆ ಕಳ್ಳರು ಬಿದ್ದಾಗ ಬಂಧುಗಳು ತಮ್ಮ ತಮ್ಮ ಪ್ರಾಣವನ್ನು ಉಳಿಸಿಕೊಂಡು ಓಡಿದರು; ಉಳಿದವರು ಇವರಿಬ್ಬರು. ಕುರುಡನು ಕುಂಟನನ್ನು ಹೆಗಲಿಗೇರಿಸಿಕೊಂಡನು. ಕುಂಟನು ದಾರಿ ತೋರಿದನು. ಇಬ್ಬರೂ ಊರು ಸೇರಿದರು. ಈ ಕಥೆಯಿಂದ ನಾವು ಸಾಮಾನ್ಯವಾಗಿ ತತ್ತ್ವವನ್ನು ಮಾತ್ರ ತೆಗೆದುಕೊಂಡು ಕಥೆಯನ್ನು ಬಿಟ್ಟುಬಿಡುತ್ತೇವೆ. ಬಿಟ್ಟುಹೋದವರು ಅನ್ಯರಲ್ಲ, ಬಂಧುಗಳೇ ಎಂದು ಭಾಷ್ಯಕಾರರಾದ ಗೌಡಪಾದರು ಹೇಳಿರುವುದನ್ನು ಗಮನಿಸಬೇಕು. ಕೈಹಿಡಿದವನು ಬಂಧುವಲ್ಲ, ತನ್ನಂತೆಯೇ ಕೈಬಿಡಲ್ಪಟ್ಟವನು. ದೃಷ್ಟಾಂತದಲ್ಲಿ ಅವರಿಬ್ಬರು ಊರು ಮುಟ್ಟಿದೊಡನೆ ಅಗಲುತ್ತಾರೆ. ಬಾಳಿನಲ್ಲಿ ಹಾಗೆ ಅಗಲುವಂತಿಲ್ಲ. ಊರು ಮುಟ್ಟಿದ ಮೇಲೆಯೇ ಮನೆ ಬೇಕಾಗುವುದು.

ಇದು ಬರಿಯ ನ್ಯಾಯದೃಷ್ಟಾಂತವಲ್ಲ, ಕನ್ನಡನಾಡಿನಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದ ಸಂಗತಿ ಎಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ನಮ್ಮ ಮೈಸೂರಿಗೂ ಬಂದು ಕರ್ನಾಟಕ ಸಂಗೀತವನ್ನು ಕಲಿತು, ಮುಂದೆ ಹಿಂದೂಸ್ತಾನಿ ಪದ್ಧತಿಯಲ್ಲಿಯೂ ಪಾರಂಗತರಾದರು. ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ದೊಡ್ಡ ಗಾಯಕರಾಗಿ ಉಳಿಯುತ್ತಿದ್ದರು. ಆದರೆ ೧೯೧೪ರ ವೇಳೆಗೆ ಅವರು ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಸಂಗೀತ ಪಾಠಶಾಲೆಯನ್ನು ಕಟ್ಟಿದರು. ಅದಕ್ಕೆ ಮೊದಲು ನೆಲೆಯೆಂಬುದೇ ಇರಲಿಲ್ಲ. ಗುರುವೂ ಶಿಷ್ಯರೂ ಊರಿಂದ ಊರಿಗೆ ನಡೆದರು, ಕಂಡಲ್ಲಿ ಬೀಡುಬಿಟ್ಟರು, ಸಿಕ್ಕಿದುದನ್ನು ಹಂಚಿಕೊಂಡು ಉಂಡರು. ಕೊನೆಗೆ ಗದಗಿನ ದಾನಿಗಳ ಔದಾರ್ಯದಿಂದ ನೆಲೆಯೊಂದು ದೊರಕಿತು.

ಪಂಚಾಕ್ಷರ ಗವಾಯಿಗಳು ೧೯೪೪ರಲ್ಲಿ ದೇಹವನ್ನು ಬಿಟ್ಟಾಗ ಆ ಸಂಸಾರದ ಭಾರವನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ಲು ತಾಲ್ಲೂಕಿನ ದೇವಗಿರಿಯವರು, ಅವರೂ ಶೈಶವದಲ್ಲಿಯೇ ಕಣ್ಣನ್ನು ಕಳೆದುಕೊಂಡವರು. ಅಂದಿನಿಂದ ೨೦೧೦ರ ಸೆಪ್ಟೆಂಬರಿನಲ್ಲಿ ತಾವು ಕಾಲವಾಗುವವರೆಗೆ, ಅರುವತ್ತಾರು ವರ್ಷಗಳ ಕಾಲ, ಕಣ್ಣಿಲ್ಲದವರೊಬ್ಬರು ಕಣ್ಣಿಲ್ಲದವರ ಮನೆಯನ್ನು ನಡೆಸಿದರು. ಹಣವೆಲ್ಲಿಂದ ಬಂದಿತು? ನಾಟಕ ಕಂಪನಿಯನ್ನು ಕಟ್ಟಿ ಊರೂರಲ್ಲಿ ಆಡಿದರು. ಕೀರ್ತನೆ, ಪುರಾಣಗಳನ್ನು ನಡೆಸಿದರು. ಭಕ್ತರು ಮಾಡಿದ ತುಲಾಭಾರಗಳ ಹಣವೆಲ್ಲವೂ ಅನ್ನದ ಪಾತ್ರೆಗೆ ಹೋಯಿತು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳು ಹುಟ್ಟಿದವು. ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರು. ವೆಂಕಟೇಶ ಕುಮಾರರು ಪುಟ್ಟರಾಜ ಗವಾಯಿಗಳ ಶಿಷ್ಯರು. ಕಣ್ಣುಳ್ಳ ಹುಡುಗರೂ ವಿದ್ಯೆಗಾಗಿ ಕಣ್ಣಿಲ್ಲದವರ ಮನೆಯ ಬಾಗಿಲಿಗೆ ಬಂದರೆಂದ ಮೇಲೆ, ಯಾರು ಯಾರಿಗೆ ಭಾರವಾದರೆಂದು ವಾಚಕರೇ ನಿರ್ಣಯಿಸಲಿ. ಭಾರತ ಸರ್ಕಾರವು ೨೦೧೦ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ಕೊಟ್ಟಿತು. ಆ ಮನೆಯ ಒಲೆ ಹೊತ್ತಿದ್ದುದು ಅದಕ್ಕೆ ತೊಂಬತ್ತು ವರ್ಷಗಳಿಗೂ ಹಿಂದೆ.

ಗದಗಿನ ಮಹಿಮೆಯನ್ನು ಹೇಳಿ ಕೈಮುಗಿದು ಸುಮ್ಮನಾಗುವುದು ಸುಲಭ. ನಮ್ಮ ಉದ್ದೇಶವು ಅದಲ್ಲ. ಅಂಥ ಗುರುಗಳು ಶತಮಾನಕ್ಕೆ ಒಬ್ಬಿಬ್ಬರು ಹುಟ್ಟುತ್ತಾರೆ. ಅವರು ಹುಟ್ಟುವವರೆಗೂ ಎಳಂದೂರಿನ ಕುರುಡನು ಕಾಯುತ್ತ ಕುಳಿತಿರಲಾರನು. ಆದರೆ ಪುಣ್ಯಾಶ್ರಮದ ಸಾರವು ಗುರುವಿನ ಮಹಿಮೆಯಲ್ಲಿ ಮಾತ್ರ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಹಿರಿಯ ಅಂಧನು ಕಿರಿಯ ಅಂಧನಿಗೆ ಕಲಿಸಿದನು. ದುಡಿದುದು ಒಂದೆಡೆಗೆ ಬಂದಿತು. ಊಟವು ಒಂದೇ ಪಂಕ್ತಿಯಲ್ಲಿ ನಡೆಯಿತು. ಈ ಮೂರಕ್ಕೆ ಅವತಾರಪುರುಷರು ಬೇಕಾಗಿಲ್ಲ. ಬಾಗಿಲು ಅಗಲವಾಗಿರುವ ಒಂದು ಮನೆ, ಕಾಯಿದೆಯ ಮನ್ನಣೆ, ನೆರೆಯವರ ಸೌಜನ್ಯ, ಇಷ್ಟು ಸಾಕು.

ಇತರರ ಅನುಭವವೂ ಇದನ್ನೇ ಹೇಳುತ್ತದೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಸ್ಥಾಪಿಸಿದ ಎನ್. ಎಸ್. ಹೇಮಾ ಅವರು ಸ್ವತಃ ಅಂಗವಿಕಲರು. ಅದೇ ನಗರದಲ್ಲಿ ೧೯೯೭ರಲ್ಲಿ ‘ಸಮರ್ಥನಂ’ ಸಂಸ್ಥೆಯನ್ನು ಆರಂಭಿಸಿದ ಮಹಾಂತೇಶ ಕಿವಡಸಣ್ಣವರ ಮತ್ತು ಅವರ ಮಿತ್ರ ನಾಗೇಶರು ಇಬ್ಬರೂ ಕಣ್ಣಿಲ್ಲದ ಗೆಳೆಯರು. ಕಡಲಾಚೆಯ ಅಮೆರಿಕಾ ದೇಶದಲ್ಲಿ ಎಡ್ ರಾಬರ್ಟ್ಸ್ ಎಂಬ ಯುವಕನು ಪೋಲಿಯೋ ರೋಗದಿಂದ ಕುತ್ತಿಗೆಯ ಕೆಳಗೆ ಚಲನೆಯನ್ನು ಕಳೆದುಕೊಂಡು, ಉಸಿರಾಡುವುದಕ್ಕೂ ಕಬ್ಬಿಣದ ಯಂತ್ರದ ನೆರವನ್ನು ಬೇಡುವ ಸ್ಥಿತಿಯಲ್ಲಿದ್ದನು. ೧೯೬೨ರಲ್ಲಿ ಅವನು ಬರ್ಕ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಆ ಯಂತ್ರ ಹಿಡಿಸುವ ವಿದ್ಯಾರ್ಥಿನಿಲಯ ಯಾವುದೂ ಇರಲಿಲ್ಲವಾಗಿ ಅಲ್ಲಿಯ ಆಸ್ಪತ್ರೆಯಲ್ಲಿಯೇ ವಸತಿ ಮಾಡಬೇಕಾಯಿತು. ಅವನ ಹಿಂದೆಯೇ ಅಂಥವರೇ ಹಲವರು ಬಂದು ಅಲ್ಲಿ ಒಟ್ಟಿಗೆ ವಾಸಿಸಿದರು. ಆ ಒಡನಾಟದಿಂದ ಹುಟ್ಟಿದ ವಿಚಾರವೇ ೧೯೭೨ರಲ್ಲಿ ಸ್ವತಂತ್ರ ಜೀವನ ಕೇಂದ್ರವಾಗಿ ಮೈದಾಳಿ ಅನೇಕ ದೇಶಗಳಿಗೆ ಮೇಲ್ಪಂಕ್ತಿಯಾಯಿತು. ದುಡಿಯಲಾರದವನೆಂದು ಯಾವ ಸರ್ಕಾರಿ ಇಲಾಖೆಯು ಅವನನ್ನು ಒಮ್ಮೆ ತಳ್ಳಿಹಾಕಿತ್ತೋ ಅದೇ ಇಲಾಖೆಗೆ ಅವನು ೧೯೭೫ರಲ್ಲಿ ಮುಖ್ಯಾಧಿಕಾರಿಯಾದನು. ಅಧಿಕಾರಿವರ್ಗದವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿಯಿದು.

ಇದಕ್ಕೆ ವ್ಯತಿರಿಕ್ತವಾದ ದಾರಿಯೂ ಒಂದುಂಟು. ನಮ್ಮ ಸಮಾಜಕ್ಕೆ ಬಹುಕಾಲದಿಂದ ಪ್ರಿಯವಾದುದು ಅದೇ. ದಿಕ್ಕಿಲ್ಲದವರನ್ನೆಲ್ಲ ಒಂದೆಡೆ ಕೂಡಿಹಾಕಿ, ಬಾಗಿಲಿಗೆ ಕಾವಲಿಟ್ಟು, ಕಣ್ಣಿಗೆ ಬೀಳದಂತೆ ಮಾಡುವುದು. ಇದರ ಫಲವೇನು? ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು ಬೆಂಕಿ ಬಿದ್ದಾಗ, ಸಂಕೋಲೆಯಿಂದ ಬಿಗಿಯಲ್ಪಟ್ಟಿದ್ದ ೨೮ ಮಂದಿ ಮಾನಸಿಕ ರೋಗಿಗಳು ಓಡಿಹೋಗಲಾರದೆ ಸುಟ್ಟುಹೋದರು. ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ೨೦೧೦ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನರು ಸತ್ತ ಸುದ್ದಿಯು ನಾಡನ್ನೇ ತಲ್ಲಣಗೊಳಿಸಿತು. ದೊಡ್ಡ ಕಟ್ಟಡ, ದೊಡ್ಡ ಗೋಡೆ, ದೊಡ್ಡ ಲೆಕ್ಕದ ಪುಸ್ತಕ ಇರುವಲ್ಲಿ ಒಬ್ಬನು ಉಣ್ಣದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೂವರ ಮನೆಯಲ್ಲಿ ಒಬ್ಬನು ಉಣ್ಣದಿದ್ದರೆ ಉಳಿದಿಬ್ಬರಿಗೆ ಆ ರಾತ್ರಿ ನಿದ್ರೆ ಬರುವುದಿಲ್ಲ.

ಇನ್ನು ಕಾಯಿದೆಯ ಮಾತಿಗೆ ಬರೋಣ. ಹಿಂದೆ ನಮ್ಮ ಧರ್ಮಶಾಸ್ತ್ರವು ಕುರುಡ, ಕಿವುಡ, ಮೂಕರಿಗೆ ದಾಯಭಾಗದಲ್ಲಿ ಅಂಶವಿಲ್ಲವೆಂದು ಹೇಳಿ, ಅನ್ನವಸ್ತ್ರಗಳನ್ನು ಮಾತ್ರ ಕೊಡತಕ್ಕದ್ದೆಂದು ವಿಧಿಸಿತ್ತು. ಅಂಶವಿಲ್ಲದವನಿಗೆ ಅನ್ನವು ಎಷ್ಟು ಕಾಲ, ಎಷ್ಟು ಗೌರವದಿಂದ ಸಿಕ್ಕುತ್ತಿತ್ತೆಂಬುದು ಊಹಿಸಬಹುದಾದ ಸಂಗತಿ. ಬ್ರಿಟಿಷ್ ಇಂಡಿಯಾದಲ್ಲಿ ೧೯೨೮ರ ಶಾಸನವು ಈ ಅನರ್ಹತೆಯನ್ನು ಬಹುಮಟ್ಟಿಗೆ ತೆಗೆಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೨೮ನೆಯ ಕಲಮು ರೋಗವಾಗಲಿ ಅಂಗದೋಷವಾಗಲಿ ಹಕ್ಕಿಗೆ ಬಾಧಕವಲ್ಲವೆಂದು ಸಾರಿತು. ಆದರೂ ಭೂಮಿಯಿಲ್ಲದ ಕುಟುಂಬದಲ್ಲಿ ಉತ್ತರಾಧಿಕಾರದಿಂದ ಬರುವುದೇನು? ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗನಿಗೆ ವಯಸ್ಸು ಬಂದ ಮೇಲೆಯೂ ಜೀವನಾಂಶ ಕೊಡಬೇಕೆಂದು ಇಂದಿನ ದಂಡಪ್ರಕ್ರಿಯೆಯ ಕಾನೂನು ತಂದೆಯನ್ನು ಕಟ್ಟಿಹಾಕಿದೆ. ಆ ಕಲಮಿನಲ್ಲಿ ಅಣ್ಣತಮ್ಮಂದಿರ ಹೆಸರಿಲ್ಲ. ತಂದೆತಾಯಿಗಳು ಸತ್ತ ದಿನವೇ ಅಂಗವಿಕಲನು ನಿಜವಾಗಿ ಪರಸ್ಥಳದವನಾಗುತ್ತಾನೆ. ಹುಟ್ಟಿದ ಊರಿನಲ್ಲಿಯೇ ಹೊರಗಿನವನಾಗುತ್ತಾನೆ.

ಹೀಗೆ ಹೊರಗಾದವರು ತಾವಾಗಿ ಕೂಡಿ ಬಾಳಿದರೆ ಸರ್ಕಾರವು ಅವರನ್ನು ಏನೆಂದು ಕರೆಯುತ್ತದೆ? ಇಲ್ಲಿ ಸರ್ಕಾರದ ಎರಡು ಕೈಗಳು ಎರಡು ಬಗೆಯಾಗಿ ಬರೆದಿವೆ. ಜನಗಣತಿಯವರು ಹೇಳುವುದು: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡಿಗೆಮನೆಯ ಊಟವನ್ನು ಮಾಡುವವರೆಲ್ಲರೂ ಸೇರಿ ಒಂದು ಮನೆತನ, ಅವರು ಸಂಬಂಧಿಕರಾಗಿರಲಿ, ಸಂಬಂಧವಿಲ್ಲದವರಾಗಿರಲಿ, ಬಾಧಕವಿಲ್ಲ. ಆದರೆ ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಮನೆತನವೆಂಬ ಪದಕ್ಕೆ ಅರ್ಥವನ್ನು ಹೇಳುವಾಗ ರಕ್ತ, ವಿವಾಹ, ದತ್ತಕ ಈ ಮೂರರಲ್ಲೊಂದರ ಸಂಬಂಧವಿರಬೇಕೆಂದು ವಿಧಿಸಿತು. ಅಂದರೆ ತಲೆಗಳನ್ನು ಎಣಿಸುವಾಗ ಒಲೆಯನ್ನು ನೋಡುತ್ತಾರೆ. ಹಣವನ್ನು ಎಣಿಸುವಾಗ ವಂಶವೃಕ್ಷವನ್ನು ಕೇಳುತ್ತಾರೆ! ಪಡಿತರ ಚೀಟಿಯ ಅರ್ಜಿಯಲ್ಲಿ ಯಜಮಾನನಿಗೂ ಉಳಿದವರಿಗೂ ಇರುವ ಸಂಬಂಧವೇನೆಂಬ ಅಂಕಣದ ಮುಂದೆ ನಮ್ಮ ಮೂವರು ಏನನ್ನು ಬರೆಯಬೇಕು? ‘ಹೆಗಲು’ ಎಂದು ಬರೆಯಲೆ? ‘ಕಣ್ಣು’ ಎಂದು ಬರೆಯಲೆ? ಅವಿಭಕ್ತ ಕುಟುಂಬದ ಲಕ್ಷಣವನ್ನು ಹೇಳುವಾಗ ನಮ್ಮ ನ್ಯಾಯಾಲಯಗಳು ಅನ್ನ, ಆರಾಧನೆ, ಆಸ್ತಿ ಎಂಬ ಮೂರನ್ನು ಹಿಂದಿನಿಂದಲೂ ಹೆಸರಿಸುತ್ತ ಬಂದಿವೆ. ಮೂರರಲ್ಲಿ ಮೊದಲನೆಯದು ಅನ್ನವೆಂಬುದನ್ನು ಗುಮಾಸ್ತರು ನೆನಪಿನಲ್ಲಿಡಲಿ.

ಇತ್ತ, ಅಂಗವಿಕಲರ ಹಕ್ಕುಗಳ ವಿಷಯದಲ್ಲಿ ನಮ್ಮ ದೇಶವು ಆಡಿದ ಮಾತುಗಳು ಉದಾತ್ತವಾಗಿವೆ. ಯಾರು ಎಲ್ಲಿ, ಯಾರೊಡನೆ ಬಾಳಬೇಕೆಂಬುದನ್ನು ಅಂಗವಿಕಲರೇ ಆರಿಸಿಕೊಳ್ಳುವ ಅವಕಾಶವಿರಬೇಕೆಂದು ಹೇಳುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಅಂಗೀಕರಿಸಿತು. ೨೦೧೬ರಲ್ಲಿ ಆದ ಹಕ್ಕುಗಳ ಕಾಯಿದೆಯು ೧೯೯೫ರ ಕಾಯಿದೆಯ ಏಳು ಬಗೆಯ ವೈಕಲ್ಯಗಳಿಗೆ ಬದಲಾಗಿ ೨೧ ಬಗೆಗಳನ್ನು ಗುರುತಿಸಿತು. ಅದರ ೫ನೆಯ ಕಲಮು ಸಮುದಾಯದಲ್ಲಿ ಬಾಳುವ ಹಕ್ಕನ್ನು ಸಾರಿ, ಯಾರನ್ನೂ ಒಂದು ಗೊತ್ತಾದ ಬಗೆಯ ವಸತಿಯಲ್ಲಿಯೇ ಇರಬೇಕೆಂದು ಕಟ್ಟಿಹಾಕದಂತೆ ಸರ್ಕಾರವು ಪ್ರಯತ್ನಿಸತಕ್ಕದ್ದೆಂದು ಹೇಳಿದೆ. ೩೭ನೆಯ ಕಲಮು ಭೂಮಿ ಮತ್ತು ವಸತಿಯ ಯೋಜನೆಗಳಲ್ಲಿ ಶೇಕಡಾ ೫ರ ಮೀಸಲಾತಿಯನ್ನು ವಿಧಿಸಿ, ಸ್ತ್ರೀಯರಿಗೆ ಆದ್ಯತೆಯಿರಬೇಕೆಂದಿದೆ. ಅವರ ವಸತಿಗೂ ಉದ್ಯೋಗಕ್ಕೂ ರಿಯಾಯಿತಿಯ ದರದಲ್ಲಿ ಕೊಡುವ ನಿವೇಶನಗಳಲ್ಲಿಯೂ ಅಷ್ಟೇ ಭಾಗವನ್ನು ಕಾದಿರಿಸಿದೆ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ೨ ಕೋಟಿ ೬೮ ಲಕ್ಷ, ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಮೀರಿದ ಅಂಗವಿಕಲರಿದ್ದರು. ಮೊದಲು ಅಂಗಹೀನರೆಂದೆವು, ಆಮೇಲೆ ಅಂಗವಿಕಲರೆಂದೆವು, ವಿಕಲಚೇತನರೆಂದೆವು, ವಿಶೇಷಚೇತನರೆಂದೆವು, ದಿವ್ಯಾಂಗರೆಂದೆವು. ಹೆಸರು ಐದು ಸಲ ಹಿರಿದಾಯಿತು. ಕಚೇರಿಯ ಬಾಗಿಲು ಒಂದು ಗೇಣು ಅಗಲವಾಗಲಿಲ್ಲ.

ನಮ್ಮ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಮೊದಲನೆಯದಾಗಿ, ಇಂಥ ಮನೆಗಳಿಗೆ ಮನ್ನಣೆ ಕೊಟ್ಟರೆ ಕುಟುಂಬಗಳು ತಮ್ಮ ಭಾರವನ್ನು ಬೀದಿಗೆ ತಳ್ಳಿ ಕೈತೊಳೆದುಕೊಳ್ಳುವುವೆಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ತಳ್ಳುವವರು ಮನ್ನಣೆಗಾಗಿ ಕಾದಿಲ್ಲ. ತಳ್ಳುವ ಕೆಲಸವು ಎಂದಿನಿಂದಲೂ ನಡೆದೇ ಇದೆ. ನಾವು ಕೇಳುತ್ತಿರುವುದು ತಳ್ಳಲ್ಪಟ್ಟವರು ಮುಂದೇನು ಮಾಡಬೇಕೆಂಬುದನ್ನು. ತಂದೆಯ ಹೊಣೆಯನ್ನು ಕಾನೂನು ಬಿಟ್ಟಿಲ್ಲ. ಅದನ್ನು ಜಾರಿಗೆ ತರುವುದಕ್ಕೂ ಈ ಮನೆಗಳನ್ನು ಮನ್ನಿಸುವುದಕ್ಕೂ ವಿರೋಧವಿಲ್ಲ.

ಎರಡನೆಯದಾಗಿ, ಸಂಬಂಧವಿಲ್ಲದ ಸ್ತ್ರೀಪುರುಷರು ಒಂದು ಸೂರಿನಲ್ಲಿರುವುದು ಮರ್ಯಾದೆಯಲ್ಲವೆಂಬ ಮಾತು. ವಯಸ್ಕರಾದ ಅಂಗವಿಕಲರನ್ನು ಮಕ್ಕಳಂತೆ ಕಾಣುವ ಅಭ್ಯಾಸದಿಂದ ಹುಟ್ಟಿದ ಸಂಶಯವಿದು. ಸ್ತ್ರೀಯರು ಸ್ತ್ರೀಯರೊಡನೆ, ಪುರುಷರು ಪುರುಷರೊಡನೆ ಮನೆ ಮಾಡುವರೋ, ವಿವಾಹವಾಗಿ ದಂಪತಿಗಳಾಗಿ ಬಾಳುವರೋ, ಅದನ್ನು ನಿಶ್ಚಯಿಸತಕ್ಕವರು ಅವರೇ. ಅವರ ಮರ್ಯಾದೆಯ ವಿಷಯದಲ್ಲಿ ಇಷ್ಟು ಕಾತರವುಳ್ಳವರು, ಅವರು ಬಸ್ಸಿನ ನಿಲ್ದಾಣದಲ್ಲಿ ಮಲಗಿದ್ದ ರಾತ್ರಿಗಳಲ್ಲಿ ಎಲ್ಲಿದ್ದರು?

ಮೂರನೆಯ ಆಕ್ಷೇಪಣೆಯು ಗುರುತರವಾದುದು: ಅಶಕ್ತರ ಮನೆಯೊಳಗೆ ಮೋಸವೂ ಪೀಡೆಯೂ ನುಸುಳಬಹುದು, ಒಬ್ಬನ ಮಾಸಾಶನವನ್ನು ಇನ್ನೊಬ್ಬನು ನುಂಗಬಹುದು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಬುದ್ಧಿಮಾಂದ್ಯವುಳ್ಳವರೊಡನೆ ಕೂಡಿ ಬಾಳುವ ‘ಲಾರ್ಷ್’ ಎಂಬ ಮನೆಗಳನ್ನು ಫ್ರಾನ್ಸಿನಲ್ಲಿ ೧೯೬೪ರಲ್ಲಿ ಆರಂಭಿಸಿದ ಜಾನ್ ವಾನಿಯೆ ಎಂಬಾತನು ಲೋಕವಿಖ್ಯಾತನಾದನು. ಆ ಕ್ರಮದ ಮನೆಯೊಂದು ‘ಆಶಾ ನಿಕೇತನ’ವೆಂಬ ಹೆಸರಿನಿಂದ ೧೯೭೦ರಲ್ಲಿ ಬೆಂಗಳೂರಿನಲ್ಲಿಯೂ ಆರಂಭವಾಯಿತು. ಆತನು ೨೦೧೯ರಲ್ಲಿ ಸತ್ತ ಮೇಲೆ, ತನ್ನ ಆಶ್ರಯಕ್ಕೆ ಬಂದ ಸ್ತ್ರೀಯರ ವಿಷಯದಲ್ಲಿ ಆತನು ಹೇಯವಾಗಿ ನಡೆದುಕೊಂಡಿದ್ದನೆಂದು ಆ ಸಂಸ್ಥೆಯೇ ೨೦೨೦ರಲ್ಲಿ ವಿಚಾರಣೆ ನಡೆಸಿ ಪ್ರಕಟಪಡಿಸಿತು. ಮನೆಗಳು ಒಳ್ಳೆಯವು, ಸ್ಥಾಪಕನು ಕಳಂಕಿತನು. ಇದರಿಂದ ಕಲಿಯಬೇಕಾದ ಪಾಠವೇನೆಂದರೆ, ದೊಡ್ಡವರ ಹೆಸರು ಕಾವಲಲ್ಲ. ತೆರೆದ ಬಾಗಿಲೇ ಕಾವಲು. ನೆರೆಯವರು ಹೋಗಿಬರುವ ಮನೆಯಲ್ಲಿ ಪೀಡೆಯು ಬಹುಕಾಲ ಅಡಗಿರಲಾರದು. ಊರಿನಿಂದ ಹೊರಗಿಟ್ಟ ಮನೆಯಲ್ಲಿಯೇ ಅದು ಬೇರೂರುವುದು. ಆದ್ದರಿಂದ ಈ ಆಕ್ಷೇಪಣೆಯು ನಮ್ಮ ವಾದಕ್ಕೆ ಬಲವನ್ನು ಕೊಡುತ್ತದೆಯೇ ಹೊರತು ಅದನ್ನು ಕುಂದಿಸುವುದಿಲ್ಲ.

ಕಡೆಯದಾಗಿ, ಖರ್ಚಿನ ಮಾತು. ಭಿಕ್ಷಾಟನೆಯನ್ನು ನಿಷೇಧಿಸುವ ೧೯೭೫ರ ಕರ್ನಾಟಕದ ಕಾಯಿದೆಯು ಸ್ಥಳೀಯ ಸಂಸ್ಥೆಗಳು ಕಟ್ಟಡ ಮತ್ತು ನಿವೇಶನಗಳ ತೆರಿಗೆಯ ಮೇಲೆ ಶೇಕಡಾ ೩ರ ಉಪಕರವನ್ನು ವಸೂಲು ಮಾಡತಕ್ಕದ್ದೆಂದು ವಿಧಿಸಿದೆ. ತೆರಿಗೆಯ ರಸೀದಿಯನ್ನು ತೆರೆದು ನೋಡಿದರೆ ವಾಚಕರಿಗೆ ಅದು ಕಂಡೀತು. ಭಿಕ್ಷೆ ಬೇಡುವವನನ್ನು ಹಿಡಿದು ದೂರದ ಕೇಂದ್ರಕ್ಕೆ ಸಾಗಿಸುವುದಕ್ಕೆ ನಾವು ಹಣವನ್ನು ತೆರುತ್ತಲೇ ಇದ್ದೇವೆ. ಭಿಕ್ಷೆ ಬೇಡದೆ ಬಾಳುವುದಕ್ಕೆ ಒಲೆ ಹೂಡಿದವನಿಗೆ ಅದರಲ್ಲಿ ಒಂದು ಪಾಲು ಸಲ್ಲಬೇಕೆಂದು ಕೇಳುವುದು ಅತಿಯಾಸೆಯೆ?

ಹೀಗಿರಲು ನಮ್ಮ ಸೂಚನೆಗಳು ನಾಲ್ಕು. ಒಂದು: ಸಂಬಂಧವಿಲ್ಲದಿದ್ದರೂ ಒಂದೇ ಅಡಿಗೆಯನ್ನುಣ್ಣುವ ಅಂಗವಿಕಲರ ಗುಂಪನ್ನು ಪಡಿತರ, ವಸತಿ, ಉದ್ಯೋಗ ಈ ಮೂರು ವಿಷಯಗಳಲ್ಲಿ ಒಂದು ಮನೆತನವೆಂದು ಪರಿಗಣಿಸತಕ್ಕದ್ದೆಂದು ರಾಜ್ಯ ಸರ್ಕಾರವು ಸ್ಪಷ್ಟವಾದ ಆಜ್ಞೆಯನ್ನು ಹೊರಡಿಸಲಿ, ಜನಗಣತಿಯವರ ಅರ್ಥವು ಸಿದ್ಧವಾಗಿಯೇ ಇದೆ, ಹೊಸದನ್ನು ಹುಡುಕುವ ಶ್ರಮವೂ ಇಲ್ಲ. ಎರಡು: ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಹಂಚುವ ನಿವೇಶನಗಳಲ್ಲಿ ಶಾಸನವು ಕಾದಿರಿಸಿದ ಭಾಗವನ್ನು ಇಂಥವರು ಜಂಟಿಯಾಗಿ ಬೇಡಿದರೆ ಕೊಡಲಿ, ಒಬ್ಬನು ಸತ್ತರೆ ಉಳಿದವರನ್ನು ಎಬ್ಬಿಸುವಂತಿರಬಾರದು. ಆ ನಿವೇಶನವು ಊರಿನ ಹೊರಗಿನ ಹಾಳುದಿಬ್ಬದಲ್ಲಿರದೆ ಪಾಠಶಾಲೆ, ಆಸ್ಪತ್ರೆ, ಬಸ್ಸಿನ ದಾರಿ ಇವುಗಳ ಸಮೀಪದಲ್ಲಿರಲಿ. ಮೂರು: ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ಪುನರ್ವಸತಿಗೆಂದು ನೇಮಕವಾದ ಕಾರ್ಯಕರ್ತರು ತಿಂಗಳಿಗೊಮ್ಮೆಯಾದರೂ ಇಂಥ ಮನೆಯ ಹೊಸ್ತಿಲನ್ನು ತುಳಿದು, ಪ್ರತಿಯೊಬ್ಬನನ್ನೂ ಬೇರೆಯಾಗಿ ಮಾತನಾಡಿಸಿ, ಮಾಸಾಶನವು ಅವರವರ ಕೈಗೆ ಸೇರುತ್ತಿದೆಯೇ ಎಂಬುದನ್ನು ವಿಚಾರಿಸಲಿ. ನಾಲ್ಕನೆಯದು ಸರ್ಕಾರಕ್ಕೆ ಸಂಬಂಧಿಸಿದುದಲ್ಲ, ಪೌರರಾದ ನಮಗೇ ಸಂಬಂಧಿಸಿದುದು: ಬಾಡಿಗೆ ಕೊಡುವ ಶಕ್ತಿಯಿದ್ದು ಮನೆ ಕೇಳಿದವರಿಗೆ ಅಂಗವೈಕಲ್ಯದ ಕಾರಣದಿಂದ ಇಲ್ಲವೆನ್ನದಿರುವುದು, ಹೊಸ್ತಿಲಿನ ಮುಂದೆ ಎರಡು ಮೊಳದ ಇಳಿಜಾರನ್ನು ಕಟ್ಟಿಸುವುದು, ಹಬ್ಬಕ್ಕೆ ನೆರೆಯವರನ್ನು ಕರೆಯುವಾಗ ಆ ಮನೆಯ ಬಾಗಿಲನ್ನು ಬಿಟ್ಟುಹೋಗದಿರುವುದು.

ಇವು ನಮ್ಮ ಸೀಮೆಗೆ ಅಸಾಧ್ಯವೆಂದು ಹೇಳುವವರಿಗೆ ಒಂದೇ ಸಂಗತಿಯನ್ನು ನೆನಪಿಗೆ ತರುತ್ತೇವೆ. ೧೯೫೬ರ ನವೆಂಬರಿನವರೆಗೆ ಕೊಳ್ಳೇಗಾಲವೇ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು ನಮ್ಮವರೇ ನಮಗೆ ಪರರಾಜ್ಯದವರಾಗಿದ್ದರು. ೧೯೭೦ರ ದಶಕದಲ್ಲಿ, ಇಂದು ಹನೂರು ತಾಲ್ಲೂಕಿಗೆ ಸೇರಿದ ಒಡೆಯರಪಾಳ್ಯದಲ್ಲಿ, ಹಿಮಾಲಯದ ಆಚೆಯಿಂದ ನೆಲೆಗೆಟ್ಟು ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ಈ ನಾಡು ಭೂಮಿಯನ್ನು ಕೊಟ್ಟಿತು. ಅ‍ವರ ಮಾತು ಬೇರೆ, ದೇವರು ಬೇರೆ, ಉಡಿಗೆ ಬೇರೆ. ಅವರನ್ನು “ನೀವು ಯಾರ ಪೈಕಿ?” ಎಂದು ಕೇಳಿ ಹಿಂದಕ್ಕೆ ಕಳುಹಿಸಲಿಲ್ಲ, ಅವರು ಜೋಳವನ್ನು ಬೆಳೆದು ನಮ್ಮ ಸಂತೆಗಳಿಗೆ ಬಂದರು. ಹಿಮಾಲಯವನ್ನು ದಾಟಿ ಬಂದವರಿಗೆ ದೊರೆತ ಸ್ವಾಗತವು ಪಕ್ಕದ ಹೋಬಳಿಯಿಂದ ಊರುಗೋಲನ್ನೂರಿಕೊಂಡು ಬಂದವನಿಗೆ ದೊರೆಯಬಾರದೆ?

ಹದಿನೇಳನೆಯ ಶತಮಾನದಲ್ಲಿ ಗೃಹಧರ್ಮವನ್ನು ಕುರಿತು ಕಾವ್ಯವನ್ನು ರಚಿಸಿದ ಸಂಚಿಯ ಹೊನ್ನಮ್ಮನು ಎಳಂದೂರಿನವಳು. ಮನೆಯೆಂಬುದರ ಮರ್ಮವನ್ನು ನಾಡಿಗೆ ಹೇಳಿದ ತಾಲ್ಲೂಕಿಗೆ, ಮನೆಯ ಅರ್ಥವನ್ನು ಸ್ವಲ್ಪ ಹಿಗ್ಗಿಸುವ ಅಧಿಕಾರವೂ ಹೊಣೆಯೂ ಉಂಟೆಂದು ನಾವು ನಂಬಿದ್ದೇವೆ. ತಾಲ್ಲೂಕು ಪಂಚಾಯಿತಿಯವರೂ ತಹಸೀಲ್ದಾರರೂ ಈ ವಿಷಯವನ್ನು ತಮ್ಮ ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಂಡು, ಸಂಬಂಧವಿಲ್ಲದ ಅಂಗವಿಕಲರ ಒಂದು ಒಲೆಗಾದರೂ ಒಂದು ಚೀಟಿಯನ್ನು ಕೊಡಿಸಿ ಮೇಲ್ಪಂಕ್ತಿಯನ್ನು ಹಾಕಿಕೊಡಬೇಕೆಂದು ಕೋರುತ್ತೇವೆ. ಮೇಲಿನ ಆಜ್ಞೆ ಬರುವವರೆಗೆ ಮನೆಗಳ ಯಜಮಾನರು ಕಾಯಬೇಕಾದುದಿಲ್ಲ. ಬೀಗದ ಕೈಯು ಅವರಲ್ಲಿಯೇ ಇದೆ.